ಹಳೆಯ ಕಂಪ್ಯೂಟರಿಗೆ ಲಿನಕ್ಸ್: ತೊಡಕು ಬಂದಾಗ ಮೊದಲು ನೋಡತಕ್ಕದ್ದೇನು?

ಪಂಪುಸೆಟ್ಟು ನೀರೆತ್ತದೆ ನಿಂತರೆ ನಾವು ಬಾವಿಯನ್ನು ಬೈಯುವುದಿಲ್ಲ. ಹೊಸ ಮೋಟಾರು ತರಲು ಪೇಟೆಗೂ ಓಡುವುದಿಲ್ಲ. ಮೊದಲು ಕರೆಂಟು ಇದೆಯೇ ಎಂದು ನೋಡುತ್ತೇವೆ. ಅನಂತರ ಫ್ಯೂಸು, ಆಮೇಲೆ ಸ್ಟಾರ್ಟರು, ಕಡೆಗೆ ಫುಟ್‌ವಾಲ್ವು. ಹೀಗೆ ಒಂದೊಂದಾಗಿ ನೋಡುತ್ತ ಹೋದರೆ ಕೆಟ್ಟ ಜಾಗ ಸಿಕ್ಕುತ್ತದೆ. ಎಷ್ಟೋ ವೇಳೆ ಸುಟ್ಟ ಒಂದು ಫ್ಯೂಸು ತಂತಿಯೇ ಅಷ್ಟೆಲ್ಲ ಗಾಬರಿಗೆ ಕಾರಣವಾಗಿರುತ್ತದೆ. ಈ ವಿವೇಕವನ್ನು ಕಂಪ್ಯೂಟರಿನ ವಿಷಯದಲ್ಲಿಯೂ ಉಪಯೋಗಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಈಗ ಈ ಮಾತೇಕೆ?

ಹಾಲಿನ ಸಂಘ, ಗ್ರಂಥಾಲಯ, ಶಾಲೆ, ಯುವಕ ಸಂಘ, ಹೀಗೆ ನಮ್ಮ ಹಳ್ಳಿಗಳ ಅನೇಕ ಕಡೆ ಎಂಟು ಹತ್ತು ವರ್ಷಗಳ ಹಳೆಯ ಕಂಪ್ಯೂಟರುಗಳಿವೆ. ಇವುಗಳಲ್ಲಿ ಹೆಚ್ಚಿನವು ವಿಂಡೋಸ್ 10ರಿಂದ ನಡೆಯತಕ್ಕವು. ಆ ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಸೌಕರ್ಯಗಳು ಹಳೆಯ ಯಂತ್ರಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಯಂತ್ರವೇನೋ ಗಟ್ಟಿಯಾಗಿದೆ, ಆದರೆ ಅದನ್ನು ನಡೆಸುವ ವ್ಯವಸ್ಥೆ ಹಳತಾಯಿತು. ಇಂತಹ ಯಂತ್ರವನ್ನು ಗುಜರಿಗೆ ಹಾಕದೆ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಲು ಲಿನಕ್ಸ್ ಒಂದು ಒಳ್ಳೆಯ ದಾರಿ.

ಲಿನಕ್ಸ್ ಎಂಬುದನ್ನು 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಮೊದಲುಮಾಡಿದನು. ಇಂದು ಲೋಕದ ಸಾವಿರಾರು ಜನ ಸೇರಿ ಅದನ್ನು ಬೆಳೆಸುತ್ತಿದ್ದಾರೆ. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ಅದರ ಬೇರೆಬೇರೆ ರೂಪಗಳು. ಇವಕ್ಕೆ ಹಣ ಕೊಡಬೇಕಾದುದಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷಗಳಿಂದ ಮಕ್ಕಳು ಲಿನಕ್ಸಿನಲ್ಲಿಯೇ ಕಲಿಯುತ್ತಿದ್ದಾರೆ.

ಆದರೆ ಹೊಸಬರಿಗೆ ಮೊದಲ ವಾರದಲ್ಲಿ ಒಂದೆರಡು ತೊಡಕುಗಳು ಬರುವುದುಂಟು. ವೈಫೈ ಸಿಕ್ಕುವುದಿಲ್ಲ, ತೆರೆ ಕಪ್ಪಾಗುತ್ತದೆ, ಪ್ರಿಂಟರು ಮಾತು ಕೇಳುವುದಿಲ್ಲ. ಆಗ ಏನಾಗುತ್ತದೆ ನೋಡಿ. ನಾಳೆ ಹಾಲಿನ ಬಟವಾಡೆ ಎನ್ನುವಾಗ, ನೆರವಿಗೆ ಬಂದ ಹುಡುಗ ಸಂಘದ ಕಾರ್ಯದರ್ಶಿಗೆ, "ಚಿಕ್ಕಪ್ಪಾ, ವೈಫೈ ಬರ್ತಾ ಇಲ್ಲ. ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡ್ತೀನಿ" ಎನ್ನುತ್ತಾನೆ. "ತಡಿಯಪ್ಪಾ, ಬಟವಾಡೆ ಪಟ್ಟಿಯೆಲ್ಲ ಅದರೊಳಗೇ ಇದೆ" ಎಂದು ಕಾರ್ಯದರ್ಶಿ ಹೇಳುವಷ್ಟರಲ್ಲಿ ಗುಂಡಿ ಒತ್ತಿ ಆಗಿರುತ್ತದೆ. ವೈಫೈ ತೊಡಕು ಹತ್ತು ನಿಮಿಷದ್ದು. ಹೋದ ಲೆಕ್ಕ ನೂರು ಮನೆಗಳದ್ದು. ತೊಡಕಿಗಿಂತ ಅವಸರದಿಂದಲೇ ಹೆಚ್ಚು ಹಾನಿ ಎಂಬುದನ್ನು ಎಲ್ಲರೂ ಮನಗಾಣಬೇಕು.

ಹಾಕುವ ಮೊದಲು

ಮೊದಲನೆಯದಾಗಿ, ಕಂಪ್ಯೂಟರಿನಲ್ಲಿರುವ ಲೆಕ್ಕ, ಪತ್ರ, ಚಿತ್ರಗಳಿಗೆ ಎರಡು ಪ್ರತಿ ಮಾಡಿಕೊಳ್ಳಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ, ಇನ್ನೊಂದು ಬೇರೆ ಕಂಪ್ಯೂಟರಿನಲ್ಲಿರಲಿ. ಪ್ರತಿ ಮಾಡಿದರೆ ಸಾಲದು. ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಮರೆಯದೆ ಬರೆದಿಟ್ಟುಕೊಳ್ಳಿ.

ಎರಡನೆಯದಾಗಿ, ನಿಮಗೆ ಅಗತ್ಯವಾದ ತಂತ್ರಾಂಶಗಳು ಲಿನಕ್ಸಿನಲ್ಲಿ ನಡೆಯುತ್ತವೆಯೇ ಎಂದು ವಿಚಾರಿಸಿ. ಕೆಲವು ಲೆಕ್ಕದ ತಂತ್ರಾಂಶಗಳು, ಬೆರಳಚ್ಚು ಯಂತ್ರಗಳು ವಿಂಡೋಸ್ ಇಲ್ಲದೆ ನಡೆಯುವುದಿಲ್ಲ. ಅಂತಹ ಕೆಲಸದ ಯಂತ್ರವನ್ನು ಮುಟ್ಟದಿರುವುದೇ ಲೇಸು.

ಮೂರನೆಯದಾಗಿ, ಲಿನಕ್ಸನ್ನು ಡಿಸ್ಕಿಗೆ ಹಾಕದೆಯೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು. ಇದಕ್ಕೆ ಲೈವ್ ಎನ್ನುತ್ತಾರೆ. 8 ಜಿಬಿಯ ಪೆನ್‌ಡ್ರೈವು ಸಾಮಾನ್ಯವಾಗಿ ಸಾಕಾಗುತ್ತದೆ. ಅದರಲ್ಲಿದ್ದುದೆಲ್ಲ ಅಳಿಸಿಹೋಗುವುದೆಂಬುದು ನೆನಪಿರಲಿ. ಯಂತ್ರವನ್ನು ಚಾಲೂ ಮಾಡಿದೊಡನೆ ಎಫ್12, ಎಫ್9 ಅಥವಾ ಎಸ್ಕೇಪ್ ಗುಂಡಿಯನ್ನು ಒತ್ತುತ್ತಿದ್ದರೆ ಪೆನ್‌ಡ್ರೈವನ್ನು ಆರಿಸಿಕೊಳ್ಳುವ ಪಟ್ಟಿ ಬರುತ್ತದೆ. ಯಾವ ಗುಂಡಿಯೆಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಹೀಗೆ ನಡೆಸಿ ವೈಫೈ, ಶಬ್ದ, ಪ್ರಿಂಟರು, ಕ್ಯಾಮೆರಾ ಎಲ್ಲವನ್ನೂ ಒಮ್ಮೆ ಪರೀಕ್ಷಿಸಿರಿ. ಎತ್ತನ್ನು ಕೊಳ್ಳುವ ಮೊದಲು ನೊಗಕ್ಕೆ ಕಟ್ಟಿ ನೋಡುವಂತೆ ಇದು.

ಮೂರು ಪ್ರಶ್ನೆಗಳು

ಯಾವ ಅಂಗ ಕೆಲಸ ಮಾಡದಿದ್ದರೂ ಈ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ.

1. ಆ ಅಂಗ ಯಂತ್ರಕ್ಕೆ ಕಾಣುತ್ತಿದೆಯೇ? ವೈರು ಸಡಿಲವಾಗಿದ್ದರೆ, ಅಂಗವೇ ಸುಟ್ಟಿದ್ದರೆ ಕಾಣುವುದಿಲ್ಲ.

2. ಕಾಣುತ್ತಿದ್ದರೆ, ಅದನ್ನು ನಡೆಸುವ ಡ್ರೈವರು ಅದಕ್ಕೆ ಸಿಕ್ಕಿದೆಯೇ?

3. ಡ್ರೈವರು ಇದ್ದರೆ, ನಮ್ಮ ಏರ್ಪಾಡು ಸರಿಯಾಗಿದೆಯೇ? ಅಂದರೆ ಯಾವುದಾದರೂ ಗುಂಡಿ ಮುಚ್ಚಿದೆಯೇ, ತಪ್ಪು ಆಯ್ಕೆಯಾಗಿದೆಯೇ?

ಮೊದಲನೆಯ ಪ್ರಶ್ನೆಗೆ ಉತ್ತರ "ಇಲ್ಲ" ಎಂದಾದರೆ ಲಿನಕ್ಸನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ. ಮೂರನೆಯದರಲ್ಲಿ ತಪ್ಪಿದ್ದರೆ ಹೊಸ ಅಂಗ ಕೊಳ್ಳುವುದು ಹಣ ದಂಡ.

ವೈಫೈ ಸಿಕ್ಕದಿದ್ದರೆ

ಟರ್ಮಿನಲ್ ಎಂಬ ಕಿಟಕಿಯನ್ನು ತೆರೆಯಿರಿ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಎಲ್, ಎಸ್, ಪಿ, ಸಿ, ಐ ಎಂಬ ಐದು ಅಕ್ಷರಗಳನ್ನು ಬಿಡದೆ ಟೈಪು ಮಾಡಿ, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ಕೆ ಅಕ್ಷರ ಬರೆದು ಎಂಟರ್ ಒತ್ತಿರಿ. ಯಂತ್ರದೊಳಗಿನ ಅಂಗಗಳ ಪಟ್ಟಿ ಬರುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂದಿರುವ ಸಾಲನ್ನು ಹುಡುಕಿ. ಸಾಲು ಇದ್ದರೆ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲಿದ್ದರೆ ಎರಡನೆಯದಕ್ಕೂ ಸಿಕ್ಕಿತು. ವೈಫೈ ಅಂಗ ಯುಎಸ್‌ಬಿಗೆ ಚುಚ್ಚುವ ಬಗೆಯದಾದರೆ ಪಿಸಿಐ ಬದಲು ಯುಎಸ್‌ಬಿ ಎಂಬ ಮೂರು ಅಕ್ಷರಗಳನ್ನು ಬರೆಯಬೇಕು. ಅಲ್ಲಿ ಅಡ್ಡಗೆರೆಯೂ ಕೆ ಅಕ್ಷರವೂ ಬೇಡ. ಈ ಪಟ್ಟಿಯಲ್ಲಿ ಅಂಗದ ಹೆಸರಷ್ಟೇ ಕಾಣುತ್ತದೆ.

ವಿಂಡೋಸಿನಲ್ಲಿ ಡ್ರೈವರನ್ನು ಸೀಡಿಯಿಂದಲೋ ಕಂಪನಿಯಿಂದಲೋ ತಂದು ಹಾಕುವ ರೂಢಿಯಿತ್ತು. ಲಿನಕ್ಸಿನಲ್ಲಿ ಡ್ರೈವರುಗಳು ಬಹುಪಾಲು ಅದರ ತಿರುಳಾದ ಕರ್ನಲಿನ ಜೊತೆಗೇ ಬರುತ್ತವೆ. ಅನೇಕ ವೇಳೆ ಕೊರತೆಯಾಗುವುದು ಫರ್ಮ್‌ವೇರ್ ಎಂಬ ಸಣ್ಣ ಕಡತ. ಇದು ಆ ಅಂಗದೊಳಕ್ಕೇ ತುಂಬಬೇಕಾದ ತಂತ್ರಾಂಶ. 2023ರಲ್ಲಿ ಹೊರಬಂದ ಡೆಬಿಯನ್ 12ರಿಂದ ಈಚೆಗೆ ಇಂತಹ ಕಡತಗಳನ್ನು ಡೆಬಿಯನ್ನಿನ ಜೊತೆಗೇ ಕೊಡುತ್ತಿದ್ದಾರೆ. ಆದ್ದರಿಂದ ಹಳೆಯ ಪ್ರತಿಯನ್ನು ಬಿಟ್ಟು ಹೊಸ ಪ್ರತಿಯನ್ನೇ ತರಿಸಿಕೊಳ್ಳಿ. ಮಿಂಟಿನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ಎಂಬ ಸಲಕರಣೆಗಳಿವೆ. ಬೇಕಾದ ಡ್ರೈವರನ್ನು ಅವು ತಾವೇ ಸೂಚಿಸುತ್ತವೆ.

ವೈಫೈ ಇಲ್ಲದೆ ಇದನ್ನೆಲ್ಲ ತರಿಸುವುದು ಹೇಗೆ ಎಂದು ಕೇಳಬಹುದು. ನಿಮ್ಮ ಮೊಬೈಲನ್ನು ಚಾರ್ಜು ಮಾಡುವ ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ, ಮೊಬೈಲಿನಲ್ಲಿ "ಯುಎಸ್‌ಬಿ ಟೆದರಿಂಗ್" ಎಂಬುದನ್ನು ತೆರೆಯಿರಿ. ಹೆಚ್ಚಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಇಷ್ಟು ಮಾಡಿದರೆ ಕಂಪ್ಯೂಟರಿಗೆ ಇಂಟರ್‌ನೆಟ್ ಬರುತ್ತದೆ. ವೈರು ಬರೀ ಚಾರ್ಜಿಗಷ್ಟೇ ಇರುವಂತಹುದಾಗಿರಬಾರದು.

ಅಂಗವೂ ಇದೆ, ಡ್ರೈವರೂ ಇದೆ, ಆದರೂ ವೈಫೈ ಇಲ್ಲ ಎಂದಾದರೆ ಮೂರನೆಯ ಪ್ರಶ್ನೆಗೆ ಬನ್ನಿ. ಲ್ಯಾಪ್‌ಟಾಪಿನ ಬದಿಯಲ್ಲೋ ಕೀಲಿಮಣೆಯಲ್ಲೋ ವೈಫೈ ಮುಚ್ಚುವ ಗುಂಡಿಯಿರುತ್ತದೆ. ವಿಮಾನದ ಚಿಹ್ನೆಯಿರುವ ಆ ಗುಂಡಿಯನ್ನು ಯಾರೋ ಕೈತಪ್ಪಿ ಒತ್ತಿರುವುದು ಬಹಳ ಸಾಮಾನ್ಯ.

ತೆರೆ ಕಪ್ಪಾದರೆ

ಯಂತ್ರದ ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ, ತೆರೆ ಮಾತ್ರ ಕಪ್ಪು. ಯಂತ್ರ ಹೋಯಿತೆಂದು ಹೆದರಬೇಕಾದುದಿಲ್ಲ. ಚಿತ್ರ ತೋರಿಸುವ ಅಂಗಕ್ಕೂ ಡ್ರೈವರಿಗೂ ಹೊಂದಿಕೆಯಾಗದಿದ್ದಾಗ ಹೀಗಾಗುವುದುಂಟು. ಉಬುಂಟು ಪೆನ್‌ಡ್ರೈವಿನ ಮೊದಲ ಪಟ್ಟಿಯಲ್ಲಿ "ಸೇಫ್ ಗ್ರಾಫಿಕ್ಸ್" ಎಂದೂ, ಮಿಂಟಿನಲ್ಲಿ "ಕಾಂಪ್ಯಾಟಿಬಿಲಿಟಿ ಮೋಡ್" ಎಂದೂ ಒಂದು ಆಯ್ಕೆಯಿರುತ್ತದೆ. ಅದನ್ನು ಆರಿಸಿ ಒಳಗೆ ಹೋಗಿ, ಅನಂತರ ಸರಿಯಾದ ಡ್ರೈವರನ್ನು ಹಾಕಿಕೊಳ್ಳಿ. ಈ ಆಯ್ಕೆ ಊರುಗೋಲಿದ್ದಂತೆ. ಕಾಲು ಸರಿಹೋದ ಮೇಲೆ ಬಿಟ್ಟುಬಿಡಬೇಕು.

ಡಿಸ್ಕು ಕಾಣದಿದ್ದರೆ

ಲಿನಕ್ಸ್ ಹಾಕಲು ಹೊರಟಾಗ "ಡಿಸ್ಕೇ ಇಲ್ಲ" ಎಂದು ಕೆಲವು ಲ್ಯಾಪ್‌ಟಾಪುಗಳು ಹೇಳುತ್ತವೆ. ಯಂತ್ರದ ಮೂಲ ಏರ್ಪಾಡಾದ ಬಯಾಸ್‌ನಲ್ಲಿ ಡಿಸ್ಕನ್ನು ರೇಡ್ ಅಥವಾ ಆರ್‌ಎಸ್‌ಟಿ ಎಂಬ ಕ್ರಮದಲ್ಲಿ ಇಟ್ಟಿದ್ದರೆ ಹೀಗಾಗಬಹುದು. ಅದನ್ನು ಎಎಚ್‌ಸಿಐ ಎಂದು ಬದಲಾಯಿಸಿದರೆ ಡಿಸ್ಕು ಕಾಣುತ್ತದೆ. ಆದರೆ ಎಚ್ಚರಿಕೆ! ಹಾಗೆ ಬದಲಾಯಿಸಿದ ಮೇಲೆ ಹಳೆಯ ವಿಂಡೋಸ್ ಏಳದೆ ಹೋಗಬಹುದು. ಮೊದಲಿದ್ದುದು ಏನೆಂದು ಬರೆದಿಟ್ಟುಕೊಂಡಿದ್ದರೆ ಹಿಂದಿನ ಸ್ಥಿತಿಗೆ ತರುವುದು ಸುಲಭ.

ಗಡಿಯಾರದ ಗೊಂದಲ

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪು ತೋರಿಸುವುದುಂಟು. ಇದು ಕೆಟ್ಟ ಗಡಿಯಾರವಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಕಾಲದಲ್ಲಿ ಇಡುತ್ತದೆ, ವಿಂಡೋಸ್ ಸ್ಥಳೀಯ ಕಾಲದಲ್ಲಿ ಇಡುತ್ತದೆ. ಭಾರತದ ಕಾಲವು ಜಾಗತಿಕ ಕಾಲಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಈ ವ್ಯತ್ಯಾಸ. ಇಬ್ಬರಲ್ಲಿ ಒಬ್ಬರನ್ನು ಇನ್ನೊಬ್ಬರ ಕ್ರಮಕ್ಕೆ ಒಪ್ಪಿಸಿದರೆ ತೀರಿತು.

ಆದರೆ ಕರೆಂಟು ತೆಗೆದಾಗಲೆಲ್ಲ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿದ್ದರೆ ಅದು ಬೇರೆ ಮಾತು. ಆಗ ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಹೆಚ್ಚಿನ ಮೇಜಿನ ಕಂಪ್ಯೂಟರುಗಳಲ್ಲಿ ಅದರ ಅಳತೆ ಸಿಆರ್2032. ಸಾಮಾನ್ಯ ಅಂಗಡಿಗಳಲ್ಲಿಯೇ ಅಲ್ಪ ಬೆಲೆಗೆ ಸಿಕ್ಕುತ್ತದೆ. ತಾರೀಕು ತಪ್ಪಿದ್ದರೆ ಇಂಟರ್‌ನೆಟ್ಟಿನ ಅನೇಕ ತಾಣಗಳು "ಸುರಕ್ಷಿತವಲ್ಲ" ಎಂದು ಬಾಗಿಲು ಮುಚ್ಚುತ್ತವೆ. ಇಂಟರ್‌ನೆಟ್ ಕೆಟ್ಟಿದೆಯೆಂದು ಜನ ತಿಳಿಯುತ್ತಾರೆ, ಕೆಟ್ಟಿರುವುದು ಬ್ಯಾಟರಿ.

ಕನ್ನಡದ ಬರಹ

ಹಿಂದೆ ನುಡಿ ತಂತ್ರಾಂಶದಲ್ಲಿ ಹಳೆಯ ಅಕ್ಷರಕ್ರಮದಿಂದ ಬರೆದ ಪತ್ರಗಳು ಲಿನಕ್ಸಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಪತ್ರ ಕೆಟ್ಟಿಲ್ಲ. ಅದನ್ನು ಯೂನಿಕೋಡ್ ಎಂಬ ಈಗಿನ ಕ್ರಮಕ್ಕೆ ಪರಿವರ್ತಿಸಬೇಕು. ಈ ಕೆಲಸವನ್ನು ವಿಂಡೋಸ್ ಇನ್ನೂ ಇರುವಾಗಲೇ ಮುಗಿಸಿಕೊಳ್ಳುವುದು ಜಾಣತನ. ಹೊಸದಾಗಿ ಬರೆಯಲು ಕೀಲಿಮಣೆಯ ಏರ್ಪಾಡಿನಲ್ಲಿ ಕನ್ನಡದ ಕಗಪ ವಿನ್ಯಾಸವನ್ನು ಸೇರಿಸಿಕೊಳ್ಳಿ. ನುಡಿಯಲ್ಲಿ ಬರೆದು ರೂಢಿಯಾದವರಿಗೆ ಇದು ಬೇಗ ಕೈಗೆ ಹತ್ತುತ್ತದೆ.

ಮಾಡಬಾರದ್ದು

ಯಾರೋ ಹೇಳಿದ, ಎಲ್ಲೋ ಕಂಡ ಆಜ್ಞೆಯನ್ನು ಅರ್ಥ ತಿಳಿಯದೆ ಟೈಪು ಮಾಡಬೇಡಿ. ಅದರಲ್ಲಿಯೂ "ಸುಡೊ" ಎಂದು ಆರಂಭವಾಗುವ ಆಜ್ಞೆಗೆ ಇಡೀ ಯಂತ್ರದ ಮೇಲೆ ಅಧಿಕಾರವುಂಟು. ಕಣಜದ ಕೀಲಿಕೈಯನ್ನು ದಾರಿಹೋಕನಿಗೆ ಕೊಡುತ್ತೇವೆಯೇ? ಒಂದೇ ಸಲ ನಾಲ್ಕು ಬದಲಾವಣೆಗಳನ್ನೂ ಮಾಡಬೇಡಿ. ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಕೆಟ್ಟರೆ ಯಾವುದರಿಂದ ಕೆಟ್ಟಿತೆಂದೂ ತಿಳಿಯದು.

ನೆರವು ಕೇಳುವ ಕ್ರಮ

"ಕಂಪ್ಯೂಟರು ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಹೇಳಿದರೆ ಬಲ್ಲವರೂ ನೆರವಾಗಲಾರರು. "ದನಕ್ಕೆ ಹುಷಾರಿಲ್ಲ" ಎಂದಷ್ಟೇ ಹೇಳಿದರೆ ಪಶುವೈದ್ಯರು ಏನು ಮಾಡಿಯಾರು? ಮೇವು ತಿನ್ನುತ್ತಿದೆಯೇ, ಮೆಲುಕು ಹಾಕುತ್ತಿದೆಯೇ, ಎಂದಿನಿಂದ ಹೀಗೆ ಎಂದು ಅವರು ಕೇಳುತ್ತಾರೆ. ಅದರಂತೆ ಇಲ್ಲಿಯೂ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಂಡು ಹೋಗಿರಿ: ಯಂತ್ರದ ಹೆಸರು ಮತ್ತು ಮಾದರಿ, ಲಿನಕ್ಸಿನ ಹೆಸರು ಮತ್ತು ಸಂಖ್ಯೆ, ತೊಡಕಿಗೆ ಮೊದಲು ನೀವು ಮಾಡಿದ್ದೇನು, ತೆರೆಯ ಮೇಲೆ ಬಂದ ಮಾತು ಅಕ್ಷರ ಬಿಡದಂತೆ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡರೂ ಸರಿಯೇ.

ಪ್ರತಿಯೊಂದು ಯಂತ್ರದ ಪಕ್ಕದಲ್ಲಿ ಎರಡು ದುಡ್ಡಿನ ನೋಟುಪುಸ್ತಕವೊಂದನ್ನು ದಾರ ಕಟ್ಟಿ ತೂಗುಹಾಕಿರಿ. ತಾರೀಕು, ಕಂಡ ತೊಡಕು, ಮಾಡಿದ ಬದಲಾವಣೆ, ಫಲ, ಈ ನಾಲ್ಕನ್ನು ಬರೆಯುತ್ತ ಬನ್ನಿ. ಒಂದು ವರ್ಷದಲ್ಲಿ ಆ ಪುಸ್ತಕವೇ ನಿಮ್ಮ ಊರಿನ ಮೆಕ್ಯಾನಿಕ್ಕಾಗುತ್ತದೆ. ಇಂದು ನೀವು ಕಷ್ಟಪಟ್ಟು ಕಂಡುಕೊಂಡ ಪರಿಹಾರ ನಾಳೆ ಪಕ್ಕದ ಊರಿನ ಸಂಘಕ್ಕೂ ಒದಗುತ್ತದೆ. ಲಿನಕ್ಸ್ ಬೆಳೆದದ್ದೂ ಹೀಗೆಯೇ: ಒಬ್ಬರು ಕಂಡುಕೊಂಡದ್ದನ್ನು ಹತ್ತು ಜನರಿಗೆ ಹಂಚುವುದರಿಂದ.