ಅರ್ಹರು ಇಬ್ಬರು, ಮನೆ ಒಂದೇ

ಬಾಡಿಗೆಗೆ ಇಬ್ಬರು ಬಂದಿದ್ದಾರೆ. ಇಬ್ಬರ ಸಂಬಳವೂ ಸಾಕು, ಇಬ್ಬರ ಹಳೇ ಮಾಲೀಕರೂ ಒಳ್ಳೆ ಮಾತೇ ಆಡಿದ್ದಾರೆ. ಆಗ ಮನೆ ಸಿಗುವುದು ಮಾಲೀಕರ ಮನಸ್ಸಿಗೆ ಒಪ್ಪಿದವರಿಗೆ. ಪಕ್ಷಪಾತ ನುಸುಳುವುದು ಇಲ್ಲೇ. ಹೆಸರು, ಮೈಬಣ್ಣ, ಮಾತಿನ ಧಾಟಿ ಮಾಲೀಕರಿಗೇ ಅರಿವಾಗದಂತೆ ತೀರ್ಮಾನ ಮಾಡಿಬಿಡುತ್ತವೆ. ಇದನ್ನು ತಡೆಯಲೆಂದೇ ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಕಾನೂನು ಮಾಡಿತು: ಷರತ್ತುಗಳನ್ನು ಮೊದಲೇ ಬರೆದು ತಿಳಿಸಬೇಕು, ಅರ್ಜಿ ಬಂದ ದಿನ, ಸಮಯ ದಾಖಲಿಸಬೇಕು, ಷರತ್ತು ಪೂರೈಸಿದವರಲ್ಲಿ ಮೊದಲು ಬಂದವರಿಗೇ ಮನೆ ಕೊಡಬೇಕು.

ನಮ್ಮ ಮನೆ, ನಮ್ಮ ಇಷ್ಟ ಎಂದು ಕೆಲವು ಮಾಲೀಕರು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಅವರ ಪರ ನಿಂತಿತು. ಆದರೆ 2019ರಲ್ಲಿ, ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ನನಗದು ಸರಿ ಅನ್ನಿಸುತ್ತದೆ. ಆದಾಯ ಎಷ್ಟಿರಬೇಕು, ಯಾವ ದಾಖಲೆ ಬೇಕು ಎಂದು ನಿರ್ಧರಿಸುವ ಹಕ್ಕು ಮಾಲೀಕರಲ್ಲೇ ಉಳಿದಿದೆ. ಹೋಗಿದ್ದು ಕಾರಣ ಹೇಳದೆ ಬೇಡ ಎನ್ನುವ ಹಕ್ಕು ಮಾತ್ರ.

ಆದರೆ ಇನ್ನೊಂದು ಆಕ್ಷೇಪ ನಿಜಕ್ಕೂ ಗಟ್ಟಿಯಾದದ್ದು. ಮೊದಲು ಬರುವವರು ಬಿಡುವಿರುವವರು, ಸದಾ ಇಂಟರ್ನೆಟ್ ಇರುವವರು. ಪಾಳಿ ಮುಗಿಯುವವರೆಗೆ ಫೋನ್ ಮುಟ್ಟಲಾಗದ ನರ್ಸ್ ಸೋಲುತ್ತಾಳೆ. ಹಾಗಾಗಿ ಮೂರು ದಿನ ಅರ್ಜಿ ತೆಗೆದುಕೊಂಡು, ಅರ್ಹರಾದವರ ಹೆಸರಿನಲ್ಲಿ ಎಲ್ಲರೆದುರು ಚೀಟಿ ಎತ್ತುವುದು ಇನ್ನೂ ನ್ಯಾಯ. ಅದೃಷ್ಟಕ್ಕೆ ಬಿಡುವುದೇ ಎನ್ನಬಹುದು. ಅರ್ಹತೆ ನೋಡಿಯಾದ ಮೇಲೆ ಉಳಿಯುವುದು ಅದೃಷ್ಟ ಅಥವಾ ಪೂರ್ವಗ್ರಹ, ಎರಡೇ. ಮುಂಬೈನಲ್ಲಿ ಮ್ಹಾಡಾ ಎಂಬ ಸರ್ಕಾರಿ ವಸತಿ ಸಂಸ್ಥೆ ಮನೆಗಳನ್ನು ಲಾಟರಿಯಲ್ಲಿ ಹಂಚುತ್ತದೆ. ಬೆಂಗಳೂರಿನ ಮಾಲೀಕರೊಬ್ಬರು ಹೀಗೆ ಚೀಟಿ ಎತ್ತಲು ಯಾವ ಕಾನೂನಿಗೂ ಕಾಯಬೇಕಿಲ್ಲ.