ಎಂಜಿನ್ನಿನ ಉಸಿರಾಟವನ್ನು ಆಳುವ ದಂಡ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಟ್ರ್ಯಾಕ್ಟರು ಉಳುವಾಗ ಅದರ ದನಿಗೆ ಕಿವಿಗೊಡೋಣ. ನೇಗಿಲು ಜಿಗುಟು ಮಣ್ಣಿನ ಆಳಕ್ಕಿಳಿದಂತೆ ಎಂಜಿನ್ನಿನ ವೇಗ ತಗ್ಗುತ್ತದೆ. ಆದರೂ ಅದು ನಿಲ್ಲದೆ ನೇಗಿಲನ್ನೆಳೆಯುತ್ತದೆ. ಇದಕ್ಕೆ ಪ್ರತಿಯಾಗಿ, 1964ರ ಮಾದರಿಯಾಗಿ ಅಮೆರಿಕದಲ್ಲಿ ಹೊರಬಂದ ಪಾಂಟಿಯಾಕ್ ಜಿ.ಟಿ.ಓ. ಕಾರಿನ ಎಂಟು ಸಿಲಿಂಡರುಗಳ ಎಂಜಿನ್ನು 389 ಘನ ಅಂಗುಲ, ಅಂದರೆ ಸುಮಾರು 6.4 ಲೀಟರು ಗಾತ್ರದ್ದು. ‘ಮಸಲ್ ಕಾರು’ಗಳೆಂದು ಹೆಸರಾದ ಇಂತಹ ಹಳೆಯ ಬಂಡಿಗಳ ಎಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟುವ ಉತ್ಸಾಹಿಗಳು ಇಂದಿಗೂ ಇದ್ದಾರೆ. ಅವರನ್ನು ಕಾಡುವ ಮುಖ್ಯ ಪ್ರಶ್ನೆ: ಯಾವ ಕ್ಯಾಮ್ ದಂಡವನ್ನು ಆರಿಸಬೇಕು?

ಕ್ಯಾಮ್ ದಂಡವೆಂದರೆ ಮೊಟ್ಟೆಯಾಕಾರದ ಉಬ್ಬುಗಳುಳ್ಳ ಉಕ್ಕಿನ ಅಥವಾ ಎರಕದ ಕಬ್ಬಿಣದ ಸರಳು. ಅದು ತಿರುಗಿದಂತೆ ಒಂದೊಂದು ಉಬ್ಬೂ ಒಂದೊಂದು ಕವಾಟವನ್ನು ತೆರೆಯಿಸುತ್ತದೆ. ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಇದು ಒಂದೇ ಸುತ್ತು ತಿರುಗುತ್ತದೆ. ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು! ಆಗ ಪಿಸ್ಟನ್ನು ಒಮ್ಮೆ ಕೆಳಗಿಳಿಯಲು ಸಿಗುವ ಕಾಲ ಸೆಕೆಂಡಿನ 200ರಲ್ಲೊಂದು ಪಾಲು ಮಾತ್ರ.

ಇಷ್ಟು ಅಲ್ಪಕಾಲದಲ್ಲಿ ಸಿಲಿಂಡರು ಗಾಳಿಯಿಂದ ತುಂಬುವುದು ಹೇಗೆ? ಇಲ್ಲಿಯೇ ಒಂದು ಸ್ವಾರಸ್ಯವಿದೆ. ರಭಸದಿಂದ ಹರಿಯುವ ಗಾಳಿಗೆ ಜಡತ್ವವಿರುವುದರಿಂದ, ಪಿಸ್ಟನ್ನು ಮೇಲೇರತೊಡಗಿದ ಮೇಲೂ ಅದು ಕ್ಷಣಕಾಲ ಒಳನುಗ್ಗುತ್ತಲೇ ಇರುತ್ತದೆ. ಆದುದರಿಂದ ವೇಗದ ಎಂಜಿನ್ನಿನಲ್ಲಿ ಒಳಗವಾಟವನ್ನು ತಡವಾಗಿ ಮುಚ್ಚುವುದು ಲಾಭಕರ. ನಿಧಾನವಾಗಿ ತಿರುಗುವಾಗಲಾದರೋ ಗಾಳಿಗೆ ಆ ರಭಸವಿರುವುದಿಲ್ಲ. ಮೇಲೇರುವ ಪಿಸ್ಟನ್ನು ಒಳಬಂದ ಗಾಳಿಯನ್ನೇ ಹೊರದಬ್ಬುತ್ತದೆ. ಎಳೆಯುವ ಬಲ ಕುಗ್ಗುತ್ತದೆ. ವೇಗದಲ್ಲಿ ಗಳಿಸಿದ್ದನ್ನು ನಿಧಾನದಲ್ಲಿ ಕಳೆದುಕೊಳ್ಳುವುದೇ ಇಲ್ಲಿಯ ನಿಯಮ.

‘ದೊಡ್ಡ’ ಕ್ಯಾಮ್ ದಂಡದಲ್ಲಿ ಇನ್ನೊಂದು ತೊಡಕುಂಟು. ಹೊಗೆಯ ಕವಾಟ ಮುಚ್ಚುವ ಮೊದಲೇ ಒಳಗವಾಟ ತೆರೆಯುವುದರಿಂದ ಎರಡೂ ಕೆಲಕಾಲ ಒಟ್ಟಿಗೆ ತೆರೆದಿರುತ್ತವೆ. ಈ ಅವಧಿ ಹೆಚ್ಚಾದಷ್ಟೂ ನಿಧಾನಗತಿಯಲ್ಲಿ ಸುಟ್ಟ ಅನಿಲ ಒಳಹಾದಿಗೆ ಮರಳಿ, ಎಂಜಿನ್ನು ಕುಂಟುತ್ತ ಓಡುತ್ತದೆ. ಆ ಗುಡುಗುಟ್ಟುವ ದನಿ ಕೆಲವರಿಗೆ ಇಂಪು. ಆದರೆ ಒಳಹಾದಿಯ ನಿರ್ವಾತವೂ ಅದರೊಡನೆ ಇಳಿಯುತ್ತದೆ. ಆ ನಿರ್ವಾತದ ನೆರವಿನಿಂದಲೇ ಬ್ರೇಕು ಹಗುರವಾಗುವ ಕಾರುಗಳಲ್ಲಿ ಪೆಡಲು ಗಡುಸಾಗುತ್ತದೆ. ದನಿಯ ಮೋಹಕ್ಕೆ ಪ್ರಾಣಾಪಾಯವನ್ನು ತಂದುಕೊಳ್ಳಬಹುದೆ?

ಆದಕಾರಣ ಆಯ್ಕೆಗೆ ಮೊದಲು ಬಂಡಿಯ ತೂಕ, ಗೇರುಗಳ ಪ್ರಮಾಣ, ಸಂಪೀಡನದ ಪ್ರಮಾಣ, ಎಂಜಿನ್ನು ಹೆಚ್ಚು ಹೊತ್ತು ಓಡುವ ವೇಗ, ಇವನ್ನು ವಿಚಾರಿಸಬೇಕು. ಭಾರವಾದ, ಊರೊಳಗೆ ಓಡುವ ಬಂಡಿಗೆ ಸೌಮ್ಯವಾದ ಕ್ಯಾಮ್ ದಂಡವೇ ಯೋಗ್ಯ. ಎರಡು ದಂಡಗಳನ್ನು ಹೋಲಿಸುವಾಗ ಅಳತೆಗೋಲು ಒಂದೇ ಆಗಿರಬೇಕೆಂಬುದನ್ನು ಮರೆಯಬಾರದು. ಕವಾಟ ಎಷ್ಟು ಡಿಗ್ರಿಗಳ ಕಾಲ ತೆರೆದಿರುವುದೆಂಬುದನ್ನು ಕೆಲವರು ಅದು ಮೇಲೇಳತೊಡಗಿದಾಗಿನಿಂದ ಎಣಿಸಿದರೆ, ಇನ್ನು ಕೆಲವರು ಉಬ್ಬು 0.050 ಅಂಗುಲ, ಅಂದರೆ 1.27 ಮಿಲಿಮೀಟರು ಎತ್ತಿದಾಗಿನಿಂದ ಎಣಿಸುತ್ತಾರೆ.

ಕವಾಟ ಹೆಚ್ಚು ಎತ್ತರಕ್ಕೆ ತೆರೆದರೆ ಅದು ಪಿಸ್ಟನ್ನಿಗೆ ತಾಗಿ ಎಂಜಿನ್ನೇ ಒಡೆಯಬಹುದು. ಇದನ್ನು ಪರೀಕ್ಷಿಸುವ ಉಪಾಯ ಸರಳವಾದುದು. ಪಿಸ್ಟನ್ನಿನ ತಲೆಯ ಮೇಲೆ ಮೆತ್ತನೆಯ ಜೇಡಿಯನ್ನಿಟ್ಟು, ಎಂಜಿನ್ನನ್ನು ಜೋಡಿಸಿ, ಕೈಯಿಂದ ಎರಡು ಸುತ್ತು ತಿರುಗಿಸುತ್ತಾರೆ. ಬಿಚ್ಚಿ ನೋಡಿದಾಗ ಜೇಡಿಯಲ್ಲಿ ಉಳಿದಿರುವ ದಪ್ಪವೇ ನಡುವಣ ಅಂತರ. ಅದು ಒಳಗವಾಟಕ್ಕೆ ಸುಮಾರು 2 ಮಿಲಿಮೀಟರು, ಹೊಗೆಯ ಕವಾಟಕ್ಕೆ ಸುಮಾರು 2.5 ಮಿಲಿಮೀಟರು ಇರಬೇಕೆಂಬುದು ವಾಡಿಕೆ.

ಜೇವರ್ಗಿಯ ಟ್ರ್ಯಾಕ್ಟರಿಗೆ ಓಟದ ಕಾರಿನ ಲೆಕ್ಕದ ಕ್ಯಾಮ್ ದಂಡವನ್ನು ತೊಡಿಸಿದರೆ, ನೇಗಿಲು ನೆಲಕ್ಕಿಳಿದೊಡನೆ ಅದರ ಉಸಿರು ಕಟ್ಟುವುದು. ಓಟದ ಕಾರಿಗೆ ಟ್ರ್ಯಾಕ್ಟರಿನ ಲೆಕ್ಕವನ್ನು ಹಿಡಿದರೆ, ವೇಗವೇರಿದಂತೆ ಅದಕ್ಕೂ ಗಾಳಿ ಸಾಲದು. ಎಂಜಿನ್ನು ಮಾಡಬೇಕಾದ ಕೆಲಸವನ್ನು ಮೊದಲು ಅರಿತವನೇ ಸರಿಯಾದ ದಂಡವನ್ನು ಆರಿಸಬಲ್ಲನು.