ಮೆಟಾಲಿಕ್ ಪೇಂಟ್ ಮನೆಯಲ್ಲೇ ಹೊಡೀಬಹುದಾ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಳ್ಳಿ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಇದು ಗೊತ್ತಿರುತ್ತೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು ಅಂದ್ರೆ ಕಾರು ಅಂಚಿಗೆ ಇಳಿಸಲೇಬೇಕು, ಅಂಚಿನಲ್ಲಿ ಜಾಲಿ ಮುಳ್ಳು ಇದ್ದೇ ಇರುತ್ತೆ. ಬಾಗಿಲ ತುಂಬ ಗೀರು! ಗ್ಯಾರೇಜಿನ ರೇಟು ಕೇಳಿದ ಮೇಲೆ "ಒಂದು ಸ್ಪ್ರೇ ಡಬ್ಬಿ ತಂದು ನಾನೇ ಹೊಡೀತೀನಿ" ಅನಿಸೋದು ಸಹಜ. ಸಾದಾ ಬಿಳಿ ಬಣ್ಣ ಆದ್ರೆ ಹೇಗೋ ಹೊಂದುತ್ತೆ. ಸಿಲ್ವರ್ ಅಥವಾ ಗ್ರೇ ಮೆಟಾಲಿಕ್ ಆದ್ರೆ ಸ್ವಲ್ಪ ನಿಲ್ರಿ, ಮೊದಲು ಅದು ಏನು ಅಂತ ನೋಡೋಣ.

ಒಂದೇ ಡಬ್ಬಿ, ಎರಡು ಬಣ್ಣ

ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬೇಸ್ ಕೋಟ್, ಕೊನೆಗೆ ಕ್ಲಿಯರ್ ಕೋಟ್ ಇರುತ್ತೆ. ಎಲ್ಲಾ ಸೇರಿದ್ರೂ ದಪ್ಪ ಸುಮಾರು 0.1 ಮಿ.ಮೀ. ಅಷ್ಟೇ. ಮೆಟಾಲಿಕ್ ಬೇಸ್ ಕೋಟ್‌ನಲ್ಲಿ ಅಲ್ಯೂಮಿನಿಯಂನ ಸಣ್ಣ ಚೂರುಗಳಿರುತ್ತವೆ. ಒಂದೊಂದೂ ಪುಟ್ಟ ಕನ್ನಡಿ ಇದ್ದ ಹಾಗೆ. ಚಪ್ಪಟೆಯಾಗಿ ಮಲಗಿದರೆ ನೇರಕ್ಕೆ ಬೆಳ್ಳಗೆ ಹೊಳೆಯುತ್ತವೆ, ಅಡ್ಡಾದಿಡ್ಡಿ ನಿಂತರೆ ಬಣ್ಣ ಕಪ್ಪಾಗಿ ಕಾಣುತ್ತೆ. ಪೇಂಟ್ ಒದ್ದೆಯಾಗಿ ಬಿದ್ದರೆ ಚೂರುಗಳು ಒಳಗೆ ತೇಲಾಡಿ ಕಪ್ಪಾಗುತ್ತೆ, ಒಣಗಿದಂತೆ ಬಿದ್ದರೆ ತಿಳಿಯಾಗುತ್ತೆ. ಹಾಗಾಗಿ ಎಂಜಿನ್ ಬೇ ಅಥವಾ ಬಾಗಿಲ ಕಂಬದ ಮೇಲಿರೋ ಪೇಂಟ್ ಕೋಡ್ ಕೊಟ್ಟು ಸರಿಯಾದ ಬಣ್ಣ ತಂದ್ರೂ, ಹೊಡೆಯೋ ರೀತಿ ಬದಲಾದ್ರೆ ಬಣ್ಣವೂ ಬದಲಾಗುತ್ತೆ. ಬ್ರಶ್‌ನಿಂದ ಹಚ್ಚಿದ ಟಚ್‌ಅಪ್ ಕಲೆಯ ಹಾಗೆ ಎದ್ದು ಕಾಣೋದೂ ಇದಕ್ಕೇ.

ಮನೆಯಲ್ಲಿ ಧೈರ್ಯವಾಗಿ ಮಾಡೋ ಕೆಲಸ

ಮೊದಲು ಗೀರಿನ ಮೇಲೆ ನೀರು ಹಾಕಿ ನೋಡಿ. ಗೀರು ಮಾಯ ಆದ್ರೆ, ಉಗುರಿಗೂ ಸಿಗದಿದ್ರೆ, ಪೆಟ್ಟು ಕ್ಲಿಯರ್ ಕೋಟ್‌ಗೆ ಮಾತ್ರ. ರಬ್ಬಿಂಗ್ ಕಾಂಪೌಂಡ್ ಸಾಕು, ಪೇಂಟೇ ಬೇಡ.

ತಗಡು ಕಂಡಿದ್ರೆ ತಡ ಮಾಡಬೇಡಿ, ತುಕ್ಕು ಪೇಂಟಿನ ಕೆಳಗೆ ಹರಡುತ್ತೆ. ತುಕ್ಕು ಹೋಗೋ ತನಕ 80 ನಂಬರ್ ಪೇಪರ್‌ನಿಂದ ಉಜ್ಜಿ, ಅಂಚನ್ನು 180ರಿಂದ ಇಳಿಜಾರು ಮಾಡಿ. ತಗ್ಗಿದ್ದರೆ ಪುಟ್ಟಿ ತುಂಬಿ. ಹಾರ್ಡನರ್ ಸುಮಾರು 2% ಸಾಕು, ನಮ್ಮ ಬಿಸಿಲಿಗೆ ಭಾಳ ಬೇಗ ಗಟ್ಟಿಯಾಗುತ್ತೆ, ಸ್ವಲ್ಪ ಸ್ವಲ್ಪವೇ ಕಲಸಿ. ಆಮೇಲೆ ಪ್ರೈಮರ್, 600–800ರ ವಾಟರ್ ಪೇಪರ್. ಕಣ್ಣು ಮುಚ್ಚಿ ಅಂಗೈ ಆಡಿಸಿದ್ರೆ ಉಬ್ಬುತಗ್ಗು ತಿಳಿಯಬಾರದು. ಡೆಂಟಿಂಗ್-ಪೇಂಟಿಂಗ್‌ನಲ್ಲಿ ಹೆಚ್ಚು ಹೊತ್ತು ಹಿಡಿಯೋದು ಇದೇ ಕೆಲಸ. ಉಜ್ಜುವಾಗ ಡಸ್ಟ್ ಮಾಸ್ಕ್ ಇರಲಿ.

ಬಿಸಿಲು, ಎರೆಮಣ್ಣು

ಏಪ್ರಿಲ್-ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತೆ. ಬಿಸಿಲಿಗೆ ನಿಂತ ಬಾನೆಟ್ ಇನ್ನೂ ಬಿಸಿ. ಗನ್‌ನಿಂದ ಹೊರಟ ಹನಿಯಲ್ಲಿರೋ ಥಿನ್ನರ್ ದಾರಿಯಲ್ಲೇ ಆವಿಯಾಗಿ, ಪೇಂಟ್ ಪುಡಿಯಂತೆ ಬೀಳುತ್ತೆ. ಮೇಲಿಂದ ಗಾಳಿ ಎರೆಮಣ್ಣಿನ ಧೂಳು ತರುತ್ತೆ. ಹೊಡೆಯೋದೇ ಆದ್ರೆ ಚಳಿಗಾಲದಲ್ಲಿ, ಇಬ್ಬನಿ ಆರಿದ ಮೇಲೆ, ಗಾಳಿ ಏಳೋ ಮೊದಲು ಹೊಡೀರಿ. ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ. ತಗಡಿನ ಚೂರಿನ ಮೇಲೆ ಮೊದಲು ಹೊಡೆದು, ಒಣಗಿಸಿ, ಬಿಸಿಲಿನಲ್ಲಿ ಕಾರಿನ ಪಕ್ಕ ಹಿಡಿದು ನೋಡಿ. ಬೇಸ್ ಕೋಟ್ ತೆಳುವಾಗಿ 2–3 ಸಲ, ನಡುವೆ ಸುಮಾರು 10 ನಿಮಿಷ ಬಿಡಿ. ಹೊಸ ಬಣ್ಣ ಒಂದೇ ಕಡೆ ಗೆರೆ ಕೊಯ್ದಂತೆ ನಿಲ್ಲದೆ, ಹಳೆಯದರೊಳಗೆ ನಿಧಾನವಾಗಿ ಕರಗಬೇಕು. ಕ್ಲಿಯರ್ ಮಾತ್ರ ಇಡೀ ಪ್ಯಾನೆಲ್‌ಗೆ.

ಬಿಟ್ಟುಬಿಡಬೇಕಾದ ಕೆಲಸ

ಆ ಕ್ಲಿಯರ್‌ನಲ್ಲೇ ದೊಡ್ಡ ತೊಂದರೆ ಇರೋದು. ಗ್ಯಾರೇಜಿನ ಗಟ್ಟಿ ಕ್ಲಿಯರ್ 2ಕೆ, ಅಂದ್ರೆ ಹಾರ್ಡನರ್ ಕಲಸುವಂಥದ್ದು. ಹಾರ್ಡನರ್‌ನಲ್ಲಿ ಐಸೋಸೈನೇಟ್ ಇರುತ್ತೆ. ಅದರ ಮಂಜು ಉಸಿರಿನಲ್ಲಿ ಹೋದರೆ ಅಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಅದರ ಅಲರ್ಜಿ ಹತ್ತಿತು ಅಂದ್ರೆ ಮುಂದೆ ಸ್ವಲ್ಪ ತಾಗಿದ್ರೂ ಉಸಿರು ಕಟ್ಟುತ್ತೆ. ವಾಸನೆಯಿಂದ ಗೊತ್ತು ಮಾಡಿಕೊಳ್ಳೋಕೂ ಆಗಲ್ಲ. ಮುಖಕ್ಕೆ ಸುತ್ತಿದ ಟವೆಲ್, ಎನ್-95 ಮಾಸ್ಕ್ ಇದನ್ನು ತಡೆಯಲ್ಲ. ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರೋ ಮಾಸ್ಕ್ ಬೇಕು. ಅದು ಯಾರ ಮನೆಯಲ್ಲಿದೆ?

ಆದ್ದರಿಂದ ನನ್ನ ಸಲಹೆ ಇಷ್ಟು: ಉಜ್ಜೋದು, ಪುಟ್ಟಿ, ಪ್ರೈಮರ್ ತನಕ ಮನೆಯಲ್ಲಿ ಮಾಡಿ ಕೂಲಿ ಉಳಿಸಿ. ಬೇಸ್ ಮತ್ತು ಕ್ಲಿಯರ್‌ಗೆ ಬೂತ್ ಇರೋ ಗ್ಯಾರೇಜಿಗೆ ಕೊಡಿ. ಕೊಡೋ ಮೊದಲು ಅಲ್ಲಿ ಹೊಡೆಯೋ ಹುಡುಗನ ಮುಖದ ಮೇಲೆ ಯಾವ ಮಾಸ್ಕ್ ಇದೆ ಅಂತಾನೂ ಒಮ್ಮೆ ನೋಡ್ರಿ. ಹೆಚ್ಚು ಕಡಿಮೆ ನಮ್ಮದೇ ವಯಸ್ಸಿನವನಿರ್ತಾನೆ.